ನೌಬಾದ್ ಸುರಂಗ ಬಾವಿಯ ಕೆಸರು ಮತ್ತು ಕಾಗದದ ಸೂಕ್ಷ್ಮದರ್ಶಕ

ಬೀದರ್ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು ಕಳೆದ ಮಳೆಗಾಲದಲ್ಲಿ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕವನ್ನು ತರಿಸಿಕೊಂಡೆ. ನೆಲದಾಳದ ಸೂಕ್ಷ್ಮಜೀವಿಗಳ ಬಗ್ಗೆ ಹೇಳುವಾಗ ಮಕ್ಕಳಿಗೆ ತೋರಿಸಲು ಕೈಯಲ್ಲಿ ಏನೂ ಇಲ್ಲವೆಂಬ ಕೊರಗು ಬಹಳ ದಿನದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಈ ವಿನ್ಯಾಸದಲ್ಲಿ ಕಾಗದವನ್ನು ಮಡಚಿ ಚೌಕಟ್ಟು ಮಾಡಿ, ನಡುವೆ ಸಣ್ಣ ಗುಂಡು ಮಸೂರವನ್ನು ಕೂರಿಸಲಾಗುತ್ತದೆ. ಬಿಡಿಭಾಗಗಳ ವೆಚ್ಚ ಒಂದು ಡಾಲರಿಗೂ ಕಡಿಮೆ ಎಂಬುದೇ ಆಗ ಅದರ ಹೆಗ್ಗಳಿಕೆಯಾಗಿತ್ತು. ಜೋಡಿಸಲು ನನಗೆ ಸುಮಾರು ಒಂದು ಗಂಟೆ ಹಿಡಿಯಿತು. ಎಂಟನೇ ತರಗತಿಯ ಹುಡುಗಿಯೊಬ್ಬಳು ಅರ್ಧ ಗಂಟೆಯಲ್ಲಿ ಮುಗಿಸಿದಳು.

ಮೊದಲ ಮಾದರಿಯನ್ನು ನೌಬಾದಿನ ಸುರಂಗ ಬಾವಿಯ ಹತ್ತಿರ, ನೀರು ಜಿನುಗುವ ಕಡೆಯಿಂದ ತಂದೆವು. ಬಹಮನಿಗಳ ಕಾಲದಲ್ಲಿ ತೋಡಿದ ಈ ಕರೇಜ್ (ನೆಲದಡಿಯ ನೀರಿನ ಸುರಂಗ) ಎರಡು ಕಿಲೋಮೀಟರಿಗೂ ಉದ್ದವಿದೆ. ಮೇಲಿನ ಜಂಬಿಟ್ಟಿಗೆ ಕಲ್ಲು ಮಳೆನೀರನ್ನು ಹೀರಿ ಕೆಳಗಿಳಿಸುತ್ತದೆ, ಅದರಡಿಯ ಕಪ್ಪು ಬಸಾಲ್ಟ್ ತಡೆದು ನಿಲ್ಲಿಸುತ್ತದೆ. ಜಂಬಿಟ್ಟಿಗೆಯಲ್ಲಿ ಕಬ್ಬಿಣ ಹೇರಳ. ಗಾಳಿ ಸೋಕದ ಕಡೆ ಕರಗಿದ ಆ ಕಬ್ಬಿಣ ಹೊರಗೆ ಬಂದು ಆಮ್ಲಜನಕವನ್ನು ಸೇರುವ ಜಾಗದಲ್ಲಿ ಕಿತ್ತಳೆ ಬಣ್ಣದ ಲೋಳೆ ಕಟ್ಟುತ್ತದೆ, ನೀರಿನ ಮೇಲೆ ಎಣ್ಣೆಯಂಥ ಹೊಳೆಯುವ ಪೊರೆ ಹರಡುತ್ತದೆ. ಊರವರು ಅದನ್ನು ಡೀಸೆಲ್ ಎಂದೇ ತಿಳಿದಿದ್ದರು. ಕಡ್ಡಿಯಿಂದ ಮುಟ್ಟಿ ನೋಡಿ: ಎಣ್ಣೆಯಾದರೆ ಸುತ್ತಿಕೊಂಡು ಮತ್ತೆ ಕೂಡಿಕೊಳ್ಳುತ್ತದೆ, ಇದು ಮಾತ್ರ ಒಣ ಹಾಳೆಯ ಹಾಗೆ ಚೂರುಚೂರಾಗಿ ಒಡೆದು ಹಾಗೆಯೇ ನಿಲ್ಲುತ್ತದೆ. ಕಬ್ಬಿಣವನ್ನು ಆಕ್ಸೀಕರಿಸುವ ಬ್ಯಾಕ್ಟೀರಿಯಾಗಳಿರುವಲ್ಲಿ ಕಾಣುವ ಗುರುತು ಇದು.

ಆ ಲೋಳೆಯ ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲಿಟ್ಟು ಬೆಳಕಿಗೆ ಹಿಡಿದಾಗ, ಲೆಪ್ಟೋಥ್ರಿಕ್ಸ್ ಗುಂಪಿನ ಬ್ಯಾಕ್ಟೀರಿಯಾಗಳು ಕಟ್ಟುವ ಕೊಳವೆಗಳನ್ನು ಹೋಲುವ ತುಕ್ಕು ಬಣ್ಣದ ಎಳೆಗಳು ಒಂದರ ಮೇಲೊಂದು ಬಿದ್ದಿದ್ದವು, ತೂರಿದ ಹುಲ್ಲಿನ ಹಾಗೆ. 'ಸರ್, ಇವು ಜೀವ ಅವೇನ್ರಿ?' ಎಂದು ಒಬ್ಬ ಕೇಳಿದ. ಅನೇಕವು ಜೀವಕೋಶ ಬಿಟ್ಟುಹೋದ ಖಾಲಿ ಕವಚಗಳೇ ಎಂದು ವಿವರಿಸಿದೆ. ಉಪಕರಣದ ಮಿತಿಯೂ ಇಲ್ಲಿಯೇ ತಿಳಿಯುತ್ತದೆ. ಇದು 140 ಪಟ್ಟು ಹಿಗ್ಗಿಸುತ್ತದೆ, ಸುಮಾರು 2 ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ವಿವರವನ್ನು ಬಿಡಿಸಿ ತೋರಿಸುತ್ತದೆ. ಬಹುಪಾಲು ಬ್ಯಾಕ್ಟೀರಿಯಾಗಳು ಅದಕ್ಕಿಂತಲೂ ಚಿಕ್ಕವಾದ್ದರಿಂದ ಅವು ಕಟ್ಟಿದ್ದನ್ನು ನೋಡಬಹುದೇ ಹೊರತು ಅವುಗಳ ದೇಹರಚನೆಯನ್ನಲ್ಲ. ಇದನ್ನು ಕೊಳ್ಳುವ ಮುನ್ನವೇ ತಿಳಿದಿರಬೇಕು. ನಾನು ಖರೀದಿಸಿದ ಅಂಗಡಿಯವರು ಹೇಳಲಿಲ್ಲ.

ಮೊದಲೆರಡು ಮಾದರಿಗಳು ನೋಡುತ್ತಿರುವಂತೆಯೇ ಒಣಗಿಹೋದವು. ಕವರ್ ಸ್ಲಿಪ್‌ನ ಅಂಚಿಗೆ ತೆಳುವಾಗಿ ವ್ಯಾಸಲೀನ್ ಸವರಿದ ಮೇಲೆ ಆ ತೊಂದರೆ ತಪ್ಪಿತು.

ಝರಣಿ ನರಸಿಂಹನ ಗುಹೆಯಿಂದಲೂ ನೀರು ತರೋಣವೆಂದು ಮಕ್ಕಳು ಹಟ ಹಿಡಿದರು, ನಾನು ಒಪ್ಪಲಿಲ್ಲ. ದೇವರ ಸನ್ನಿಧಿಯೆಂಬುದು ಒಂದು ಕಾರಣ. ಇನ್ನೊಂದು, ಎದೆಮಟ್ಟದ ಆ ನೀರಿನಲ್ಲಿ ದಿನವೂ ಭಕ್ತರು ನಡೆಯುವುದರಿಂದ ಅವರ ಮೈಯ ಸೂಕ್ಷ್ಮಜೀವಿ ಯಾವುದು, ಗುಹೆಯದ್ದು ಯಾವುದು ಎಂದು ಬೇರ್ಪಡಿಸಲಾಗದು. ಗುಹಾ ಸಂಶೋಧಕರ ದೊಡ್ಡ ತಲೆನೋವೇ ಇದು. ಅಮೆರಿಕದ ಲೆಚುಗಿಯಾ ಗುಹೆಯಲ್ಲಿ ಮನುಷ್ಯರು ಸುಳಿಯದ ಭಾಗಗಳನ್ನೇ ಆರಿಸಿಕೊಂಡಿದ್ದರಿಂದಲೇ, ಅಲ್ಲಿನ ಬ್ಯಾಕ್ಟೀರಿಯಾಗಳು ನಮ್ಮ ಔಷಧಿಗಳ ಸಂಪರ್ಕವಿಲ್ಲದೆಯೂ ಹಲವು ಪ್ರತಿಜೀವಕಗಳನ್ನು ತಡೆದುಕೊಳ್ಳುತ್ತವೆಂದು 2012ರಲ್ಲಿ ಗಟ್ಟಿಯಾಗಿ ಹೇಳಲು ಸಾಧ್ಯವಾಯಿತು.

ನಿಜವಾದ ಆಳದ ಜೀವಿಗಳಿಗೆ ಈ ಉಪಕರಣ ಸಾಲದು. ನಮ್ಮ ಕಾಲಡಿಯ ದಖನ್ ಬಸಾಲ್ಟೇ ಹಬ್ಬಿರುವ ಮಹಾರಾಷ್ಟ್ರದ ಕೊಯ್ನಾದಲ್ಲಿ ಭೂಕಂಪ ಅಧ್ಯಯನಕ್ಕಾಗಿ 3 ಕಿಲೋಮೀಟರ್ ಆಳಕ್ಕೆ ಕೊರೆದ ಬಾವಿಯ ಕಲ್ಲಿನ ಮಾದರಿಗಳನ್ನು ಖರಗ್‌ಪುರ ಐಐಟಿಯವರು ಪರೀಕ್ಷಿಸಿದ್ದು ಡಿಎನ್‌ಎ ಓದಿ. ಆದರೂ, ಕಲ್ಲಿನಲ್ಲಿಯೂ ಬದುಕಿದೆ ಎಂಬ ಆ ಪಾಠಕ್ಕೆ ನೌಬಾದಿನ ಎಳೆಗಳನ್ನು ಕಣ್ಣಾರೆ ಕಂಡ ಮಕ್ಕಳು ಬೇರೆಯೇ ಆಸಕ್ತಿಯಿಂದ ಕಿವಿಗೊಟ್ಟರು.

ಶಾಲೆಗಳು ಕೊಳ್ಳಬೇಕೆಂದು ನಾನು ಖಂಡಿತ ಹೇಳುತ್ತೇನೆ, ಐದು ಮಕ್ಕಳಿಗೆ ಒಂದರಂತೆಯಾದರೂ. ಬೋರ್‌ವೆಲ್ ನೀರು ಕುಡಿಯಲು ಯೋಗ್ಯವೇ ಎಂದು ತಿಳಿಯಲು ಮಾತ್ರ ಇದನ್ನು ನಂಬಬೇಡಿ. ಆ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ಕೋಲಿಫಾರ್ಮ್ (ನೀರು ಕಲುಷಿತವಾಗಿರುವುದನ್ನು ಸೂಚಿಸುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ.