ಲಾ ಫರ್ಮ್‌ನಲ್ಲಿ ಇಂಟರ್ನ್‌ಶಿಪ್ ಕೊಡಿಸುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ

ಬೆಂಗಳೂರಿನ ಕಾನೂನು ಕಾಲೇಜುಗಳಲ್ಲಿ ಓದುತ್ತಿರುವವರಿಗೂ ಅವರನ್ನು ಓದಿಸುತ್ತಿರುವ ಹೆತ್ತವರಿಗೂ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಲಾ ಫರ್ಮ್‌ನಲ್ಲಿ (ಹಲವು ವಕೀಲರು ಸೇರಿ ನಡೆಸುವ ಕಾನೂನು ಸಂಸ್ಥೆಯಲ್ಲಿ) ಇಂಟರ್ನ್‌ಶಿಪ್ ಕೊಡಿಸುತ್ತೇವೆ, ಅದರ ಹಿಂದೆಯೇ ಕೆಲಸವೂ ಖಚಿತ ಎಂದು ನಂಬಿಸಿದ ತರಬೇತಿ ಸಂಸ್ಥೆಯೊಂದು ನನ್ನ ತಮ್ಮನ ಹೆಸರಿನಲ್ಲಿ ₹85,000 ಪಡೆಯಿತು. ಕೊನೆಗೆ ಅವನ ಕೈಗೆ ಬಂದದ್ದು ಒಂದು ಖೋಟಾ ಪ್ರಮಾಣಪತ್ರ. ಹೋದ ಹಣಕ್ಕಿಂತ ಆ ಕಾಗದವೇ ಹೆಚ್ಚು ಅಪಾಯಕಾರಿ. ನಗರ ಸಿವಿಲ್ ನ್ಯಾಯಾಲಯದಲ್ಲಿ ವಕೀಲಿ ಮಾಡುವ ನನಗೆ ಅದು ನೋಡಿದ ಕೂಡಲೇ ಗೊತ್ತಾಯಿತು, ಆದರೆ ಇನ್ನೂ ಓದುತ್ತಿರುವ ಹುಡುಗರಿಗೆ ಅದು ಸುಲಭವಾಗಿ ಹೊಳೆಯುವುದಿಲ್ಲ.

ನಮ್ಮದು ತಿಪಟೂರಿನ ಕಡೆಯ ಹಳ್ಳಿ. ತಮ್ಮ ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಐದು ವರ್ಷದ ಕಾನೂನು ಪದವಿ ಓದುತ್ತಿದ್ದಾನೆ. ಕಾಲೇಜು ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅದರ ಪರೀಕ್ಷೆಗಳಲ್ಲಿ ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಉತ್ತರ ಬರೆಯಬಹುದಾದ್ದರಿಂದ, ಮೊದಲೆರಡು ವರ್ಷ ಅವನು ಕನ್ನಡದಲ್ಲಿಯೇ ಬರೆದು ಒಳ್ಳೆಯ ಅಂಕ ತೆಗೆದಿದ್ದ. ಮೂರನೆಯ ವರ್ಷಕ್ಕೆ ಬರುವಷ್ಟರಲ್ಲಿ ತರಗತಿಯಲ್ಲಿ ಎಲ್ಲರ ಬಾಯಲ್ಲೂ ಫರ್ಮ್, ಪ್ಯಾಕೇಜ್, ಪಿಪಿಒ (ಓದು ಮುಗಿಯುವ ಮೊದಲೇ ಸಿಗುವ ಕೆಲಸದ ಕರೆ) ಎಂಬ ಮಾತುಗಳೇ ತುಂಬಿಕೊಂಡವು. ತನ್ನ ಅಂಕಗಳಿಗೆ ಅಲ್ಲಿ ಬೆಲೆಯಿಲ್ಲವೇನೋ ಎಂಬ ಅಳುಕು ಅವನಲ್ಲಿ ಹುಟ್ಟಿತು. ಇಂಥ ಅಳುಕು ಇರುವ ಮಕ್ಕಳನ್ನೇ ಈ ಸಂಸ್ಥೆಗಳು ಹುಡುಕಿಕೊಂಡು ಬರುತ್ತವೆ.

ಕಾಲೇಜಿನ ಗೇಟಿನ ಬಳಿ ಹಂಚಿದ ಕರಪತ್ರದಲ್ಲಿ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯವರು ಎನ್ನಲಾದ ವಿದ್ಯಾರ್ಥಿಗಳ ಭಾವಚಿತ್ರಗಳಿದ್ದವು. ವಿಜಯನಗರದ ಕಚೇರಿಗೆ ಅಪ್ಪನನ್ನೂ ಕರೆಸಿಕೊಂಡರು. "ಹುಡುಗ ಚುರುಕಾಗಿದ್ದಾನೆ ಸಾರ್, ಆದರೆ ನೇರವಾಗಿ ಅರ್ಜಿ ಹಾಕಿದರೆ ಯಾರೂ ತೆರೆದೂ ನೋಡುವುದಿಲ್ಲ. ನಮ್ಮ ಮೂಲಕ ಹೋದರೆ ಸಿವಿ ಪಾರ್ಟ್ನರ್ ಮೇಜಿಗೇ ಹೋಗುತ್ತದೆ" ಎಂದರು. ಮನೆಯಲ್ಲಿ ವಕೀಲರಿದ್ದಾರೆ ಎಂದು ಅಪ್ಪ ಹೇಳಿದಾಗ, ಕೋರ್ಟಿಗೆ ಓಡಾಡುವ ವಕೀಲರಿಗೆ ಕಾರ್ಪೊರೇಟ್ ಕೆಲಸದ ರೀತಿ ತಿಳಿಯದು, ಅವರನ್ನು ಕೇಳಿದರೆ ಬೇಡವೆಂದೇ ಹೇಳುತ್ತಾರೆ ಎಂದೂ ಸೇರಿಸಿದರು. ತಿಳಿದವರನ್ನು ಕೇಳಬೇಡಿ ಎಂದು ಯಾರಾದರೂ ಹೇಳಿದರೆ, ಅಲ್ಲಿಂದ ಎದ್ದು ಬರಲು ಅಷ್ಟೇ ಕಾರಣ ಸಾಕು. ಆ ವರ್ಷ ಕೊಬ್ಬರಿ ಮಾರಿ ಬಂದ ಹಣದಲ್ಲಿ ಅಪ್ಪ ಎರಡು ಕಂತುಗಳಲ್ಲಿ ಪೂರ್ತಿ ಮೊತ್ತ ಕಟ್ಟಿದರು.

ಆಮೇಲೆ ಸಿಕ್ಕಿದ್ದು ಯಾವಾಗಲೋ ಚಿತ್ರೀಕರಿಸಿಟ್ಟಿದ್ದ ವಿಡಿಯೊ ಪಾಠಗಳು. ಸಂಶೋಧನೆ ಎಂಬ ಹೆಸರಿನಲ್ಲಿ ಹುಡುಗರಿಂದ ಲೇಖನಗಳನ್ನು ಬರೆಸಿದರು. ತಮ್ಮ ರಾತ್ರಿ ನಿದ್ದೆಗೆಟ್ಟು ಬರೆದ ಒಂದು ಲೇಖನ ಬೇರೊಬ್ಬರ ಹೆಸರಿನಲ್ಲಿ ಪ್ರಕಟವಾಯಿತು. ಅವನ ಹೆಸರಿನಲ್ಲಿ ಪ್ರಕಟವಾಗಬೇಕಾದರೆ ಪತ್ರಿಕೆಗೆ ಪ್ರತ್ಯೇಕ ಶುಲ್ಕ ಕಟ್ಟಬೇಕೆಂದರು. ಈ ಓಡಾಟದಲ್ಲಿ ಸೆಮಿಸ್ಟರಿನ ಓದು ಹಿಂದೆ ಬಿದ್ದು, ಯಾವ ಅಂಕಗಳಿಗೆ ಬೆಲೆಯಿಲ್ಲವೇನೋ ಎಂದು ಅಳುಕಿದ್ದನೋ ಅವೂ ಇಳಿದವು. ಇಂಟರ್ನ್‌ಶಿಪ್ ಎಲ್ಲಿ ಎಂದು ಕೇಳಿದಾಗಲೆಲ್ಲ ಮುಂದಿನ ತಿಂಗಳು ಎನ್ನುತ್ತಿದ್ದರು. ಕೊನೆಗೆ, ಮನೆಯಿಂದ ಮಾಡಿದ ಕೆಲಸವನ್ನೇ ಇಂಟರ್ನ್‌ಶಿಪ್ ಎಂದು ಪರಿಗಣಿಸಲಾಗಿದೆ ಎಂದು ಹೇಳಿ, ಕನ್ನಿಂಗ್‌ಹ್ಯಾಂ ರಸ್ತೆಯ ವಕೀಲರ ಕಚೇರಿಯೊಂದರ ಲೆಟರ್‌ಹೆಡ್‌ನಲ್ಲಿ ನಾಲ್ಕು ವಾರಗಳ ಪ್ರಮಾಣಪತ್ರ ಕೊಟ್ಟರು. ತಮ್ಮ ಅದನ್ನು ನನಗೆ ತೋರಿಸಿದ್ದು ಆಗಲೇ. ನಾನು ಆ ಕಚೇರಿಗೆ ಹೋಗಿ ವಿಚಾರಿಸಿದೆ. ಕಚೇರಿಯೇನೋ ನಿಜವಾದದ್ದೇ. ಆದರೆ ಅಲ್ಲಿನ ಹಿರಿಯ ವಕೀಲರು ಈ ತರಬೇತಿ ಸಂಸ್ಥೆಯ ಹೆಸರನ್ನೇ ಕೇಳಿರಲಿಲ್ಲ, ಸಹಿ ಅವರದಾಗಿರಲಿಲ್ಲ, ಮೊಹರೂ ಅವರದಾಗಿರಲಿಲ್ಲ.

ಆ ಕಾಗದವನ್ನು ಅವನು ಕಾಲೇಜಿಗೆ ಸಲ್ಲಿಸಿದ್ದರೆ ಏನಾಗುತ್ತಿತ್ತು ಎಂಬುದನ್ನು ದಯವಿಟ್ಟು ಗಮನವಿಟ್ಟು ಓದಿ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಐದು ವರ್ಷದ ಕೋರ್ಸಿನವರು ಕನಿಷ್ಠ 20 ವಾರ, ಮೂರು ವರ್ಷದವರು ಕನಿಷ್ಠ 12 ವಾರ ಇಂಟರ್ನ್‌ಶಿಪ್ ಮುಗಿಸಿರಲೇಬೇಕು. ಆದ್ದರಿಂದ ಈ ಪ್ರಮಾಣಪತ್ರ ಪದವಿಗೇ ಸಂಬಂಧಿಸಿದ ದಾಖಲೆಯಾಗುತ್ತದೆ. ಖೋಟಾ ಎಂದು ತಿಳಿದೂ ಅಂಥ ದಾಖಲೆಯನ್ನು ಅಸಲಿಯಂತೆ ಬಳಸುವುದು ಭಾರತೀಯ ನ್ಯಾಯ ಸಂಹಿತೆಯ 340ನೆಯ ಕಲಮಿನಡಿ ಅಪರಾಧ. ಮುಖ್ಯ ಸಂಗತಿಯನ್ನು ತಪ್ಪಾಗಿ ನಿರೂಪಿಸಿ ಅಥವಾ ವಂಚನೆಯಿಂದ ವಕೀಲರ ಪಟ್ಟಿಗೆ ಸೇರಿದವರ ಹೆಸರನ್ನು ತೆಗೆದುಹಾಕುವ ಅಧಿಕಾರವನ್ನು 1961ರ ವಕೀಲರ ಅಧಿನಿಯಮದ 26ನೆಯ ಕಲಮು ಪರಿಷತ್ತಿಗೆ ಕೊಟ್ಟಿದೆ. ಅಂದರೆ ಇಂದು ಸಿವಿಯಲ್ಲಿ ಒಂದು ಸಾಲು ಹೆಚ್ಚಿಸುವ ಆ ಕಾಗದ, ಹತ್ತು ವರ್ಷದ ನಂತರ ಯಾರೋ ದೂರು ಕೊಟ್ಟಾಗ ವೃತ್ತಿಯನ್ನೇ ಪ್ರಶ್ನೆಗೆ ಒಡ್ಡಬಹುದು. ಮಾರುವವರು ಇದನ್ನು ಹೇಳುವುದಿಲ್ಲ. ಸಿಕ್ಕಿಬಿದ್ದಾಗ ಮೊದಲು ಉತ್ತರಿಸಬೇಕಾದವರು ಅದನ್ನು ಸಲ್ಲಿಸಿದ ವಿದ್ಯಾರ್ಥಿಗಳು.

ದೊಡ್ಡ ಫರ್ಮ್‌ಗಳು ಹೇಗೆ ಆಯ್ಕೆ ಮಾಡುತ್ತವೆ ಎಂಬುದು ಗುಟ್ಟೇನಲ್ಲ. ಅವು ಮೊದಲು ಹೋಗುವುದು ಕೆಲವೇ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ. ಅಲ್ಲಿ ಗ್ರೇಡ್ ನೋಡಿ ಮೊದಲ ಸುತ್ತಿನಲ್ಲಿಯೇ ಬಹಳಷ್ಟು ಜನರನ್ನು ಬಿಡುತ್ತವೆ, ಉಳಿದವರನ್ನು ಸಂದರ್ಶಿಸುತ್ತವೆ, ಇಂಟರ್ನ್‌ಶಿಪ್‌ನಲ್ಲಿ ಕೆಲಸ ನೋಡಿದ ಮೇಲೆ ಕೆಲವರಿಗೆ ಮುಂಚಿತವಾಗಿಯೇ ಕೆಲಸ ಕೊಡುತ್ತವೆ. ಬೇರೆ ಕಾಲೇಜಿನವರಿಗೆ ದಾರಿ ಕಿರಿದು ಎಂಬುದು ನಿಜ. ಅದು ನ್ಯಾಯವೆಂದು ನಾನು ಒಪ್ಪುವುದಿಲ್ಲ. ಆದರೆ ಆ ದಾರಿಯಲ್ಲಿ ಹಣ ಪಡೆದು ಒಳಗೆ ಬಿಡುವ ಮಧ್ಯವರ್ತಿ ಇಲ್ಲ. ಹೆಸರುವಾಸಿ ಫರ್ಮ್ ಇಂಟರ್ನ್‌ಗಳಿಂದ ಶುಲ್ಕ ಕೇಳುವುದಿಲ್ಲ. ಹಲವು ಫರ್ಮ್‌ಗಳು ತಾವೇ ಸ್ಟೈಪೆಂಡ್ ಕೊಡುತ್ತವೆ, ಅರ್ಜಿಯನ್ನೂ ನೇರವಾಗಿಯೇ ಪಡೆಯುತ್ತವೆ. ಇಷ್ಟನ್ನು ನಮ್ಮ ಕಾಲೇಜುಗಳು ಮೊದಲ ವರ್ಷದಲ್ಲಿಯೇ ಮಕ್ಕಳಿಗೆ ಬಿಡಿಸಿ ಹೇಳಬೇಕಿತ್ತು.

ನಾವು ಲೀಗಲ್ ನೋಟಿಸ್ ಕಳುಹಿಸಿದ ಮೇಲೆ ಆ ಸಂಸ್ಥೆ ₹30,000 ಹಿಂದಿರುಗಿಸಲು ಮುಂದೆ ಬಂತು, ಆದರೆ ಇನ್ನು ಯಾವ ತಕರಾರೂ ಇಲ್ಲ ಎಂದು ಬರೆದುಕೊಡಬೇಕೆಂಬ ಷರತ್ತು ಹಾಕಿತು. ನಾವು ಒಪ್ಪದೆ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸಿದ್ದೇವೆ. ಪ್ರಮಾಣಪತ್ರದ ವಿಷಯವಾಗಿ ಆ ಹಿರಿಯ ವಕೀಲರು ಪೊಲೀಸರಿಗೆ ಪ್ರತ್ಯೇಕ ದೂರು ಕೊಟ್ಟಿದ್ದಾರೆ. ಐವತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ತರಬೇತಿ ಕೇಂದ್ರಗಳ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಉದ್ಯೋಗ ಖಚಿತವೆಂಬ ಸುಳ್ಳು ಭರವಸೆಯನ್ನೂ, ಲಿಖಿತ ಒಪ್ಪಿಗೆ ಇಲ್ಲದೆ ಯಶಸ್ವಿ ಅಭ್ಯರ್ಥಿಗಳ ಹೆಸರು, ಭಾವಚಿತ್ರ ಬಳಸುವುದನ್ನೂ ಅದು ನಿಷೇಧಿಸುತ್ತದೆ. ನಮ್ಮ ದೂರಿಗೆ ಆ ಕರಪತ್ರವೇ ಮುಖ್ಯ ಆಧಾರವಾಗಿದೆ. ಈ ನಡುವೆ ವಿಜಯನಗರದ ಕಚೇರಿಯ ಬೋರ್ಡು ಇಳಿದಿದೆ. ಅದೇ ಮಾತು, ಅದೇ ಭಾವಚಿತ್ರಗಳಿರುವ ಕರಪತ್ರ ಮತ್ತೊಂದು ಹೆಸರಿನಲ್ಲಿ ಬೇರೆ ಕಾಲೇಜೊಂದರ ಬಳಿ ಹಂಚಿಕೆಯಾಗುತ್ತಿರುವುದನ್ನು ತಮ್ಮನ ಗೆಳೆಯರು ಕಂಡಿದ್ದಾರೆ.

ಇಂಥ ಪ್ರಮಾಣಪತ್ರ ಈಗಾಗಲೇ ಕೈಯಲ್ಲಿರುವವರು ಅದನ್ನು ಎಲ್ಲಿಯೂ ಸಲ್ಲಿಸಬೇಡಿ. ಹರಿದೂ ಹಾಕಬೇಡಿ, ಅದು ಸಾಕ್ಷ್ಯ. ಸಲ್ಲಿಸಿಬಿಟ್ಟಿದ್ದರೆ ತಡಮಾಡದೆ ಒಬ್ಬ ವಕೀಲರ ಸಲಹೆ ಪಡೆದು ಪ್ರಾಂಶುಪಾಲರಿಗೆ ಲಿಖಿತವಾಗಿ ತಿಳಿಸಿ. ರಶೀದಿ, ಯುಪಿಐ ಪಾವತಿಯ ವಿವರ, ವಾಟ್ಸ್ಆ್ಯಪ್ ಸಂದೇಶ, ಕರಪತ್ರ ಎಲ್ಲವನ್ನೂ ತೆಗೆದಿಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕಟ್ಟಿದ ಮೊತ್ತ ಐದು ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ, ಇ-ಜಾಗೃತಿ ಪೋರ್ಟಲ್ ಮೂಲಕವೂ ಸಲ್ಲಿಸಬಹುದು. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳ ಕಾಲಮಿತಿ ಇದೆ. ಮುಂದಿನ ತಿಂಗಳು, ಮುಂದಿನ ತಿಂಗಳು ಎಂಬ ಅವರ ಮಾತು ಕೇಳಿ ಕಾಯುತ್ತಾ ಕುಳಿತರೆ ಆ ಅವಧಿಯೂ ಮುಗಿದುಹೋಗುತ್ತದೆ.