ಅಜ್ಜಿಯನ್ನು ಬೆಳ್ಳಗೆ ಮಾಡಿಕೊಡದ ಕಲಾವಿದೆ

ಫೋಟೋ ಕಳಿಸಿದರೆ ನೋಡಿ ಪೆನ್ಸಿಲ್‌ನಲ್ಲಿ ಪೋರ್ಟ್ರೇಟ್ ಬಿಡಿಸಿಕೊಡುವವರು ಇನ್‌ಸ್ಟಾಗ್ರಾಂನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಮ್ಮಜ್ಜಿಯ ಚಿತ್ರಕ್ಕೆ ನಾನು ಕೆಲಸ ಕೊಟ್ಟಿದ್ದು ಧಾರವಾಡದ ಒಬ್ಬ ಕಲಾವಿದೆಗೆ. ಹೆಸರು ಇಲ್ಲಿ ಹಾಕುತ್ತಿಲ್ಲ, ಅವರೇ ಬೇಡ ಅಂದರು, ಕೈಯಲ್ಲಿರುವ ಆರ್ಡರ್‌ಗಳೇ ಮುಗಿಯುತ್ತಿಲ್ಲವಂತೆ. ಚಿತ್ರ ಬಿಡಿಸುತ್ತಾರೆ, ಹಾಡುತ್ತಾರೆ, ಫೋಟೋ ತೆಗೆಯುತ್ತಾರೆ, ಮೂರನ್ನೂ ಆನ್‌ಲೈನಲ್ಲಿ ತಾವೇ ಮಾರುತ್ತಾರೆ. ನಾನು ಮೂರನ್ನೂ ಕೊಂಡೆ. ಚಿತ್ರ ಬಹಳ ಚೆನ್ನಾಗಿದೆ, ಹಾಡು ಚೆನ್ನಾಗಿದೆ, ಫೋಟೋ ಪ್ರಿಂಟ್ ಅಷ್ಟಕ್ಕಷ್ಟೆ.

ಮೊದಲು ದುಡ್ಡಿನ ವಿಷಯ. ಎ4 ಅಳತೆಗೆ 3,500 ರೂಪಾಯಿ, ಎ3 ಆದರೆ 6,000. ಚಿತ್ರದಲ್ಲಿ ಇನ್ನೊಂದು ಮುಖ ಸೇರಿದರೆ ರೇಟು ಏರುತ್ತೆ. ಅರ್ಧ ಮುಂಗಡ, ಉಳಿದದ್ದು ಚಿತ್ರ ಮುಗಿದ ಮೇಲೆ, ಎಲ್ಲ ಯುಪಿಐನಲ್ಲೇ. ನಾನು ಎ3 ಹೇಳಿದೆ. ಮನೆಯಲ್ಲಿ ಜಾಸ್ತಿಯಾಯ್ತು ಅಂತ ಮಾತು ಬಂತು, ಆ್ಯಪ್‌ನಲ್ಲಿ ಒಂದು ಬಟನ್ ಒತ್ತಿದರೆ ಇದೇ ಬರುತ್ತಲ್ಲ ಅಂತ ಅಣ್ಣನ ಮಗ ಮೊಬೈಲ್ ತೆಗೆದು ಮಾಡಿಯೂ ತೋರಿಸಿದ. ಬಂತು, ಇಲ್ಲ ಅನ್ನಲ್ಲ. ಆದರೆ ಆ ಆ್ಯಪ್ ನನ್ನನ್ನು ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಈಕೆ ಕೇಳಿದ ಪ್ರಶ್ನೆಗಳಿಗೇ ನಾನು 6,000 ಕೊಟ್ಟೆ ಅಂದುಕೊಳ್ಳಿ.

ಫೋಟೋ ಕಳಿಸುವಾಗಲೇ ಪಾಠ ಶುರು. ವಾಟ್ಸ್‌ಆ್ಯಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿ ಹೋಗುತ್ತೆ, ಕಣ್ಣಿನ ಸುತ್ತ ಇರುವ ಸಣ್ಣ ಗೆರೆಗಳೆಲ್ಲ ಮಾಯ. ಡಾಕ್ಯುಮೆಂಟ್ ಅಂತ ಕಳಿಸಿ ಅಂದರು. ಫ್ರೇಮಿನ ಗಾಜಿನ ಮೇಲಿಂದ ಮೊಬೈಲ್‌ನಲ್ಲಿ ತೆಗೆದು ಕಳಿಸಬೇಡಿ, ಫ್ರೇಮ್ ಬಿಚ್ಚಿ ಸ್ಕ್ಯಾನ್ ಮಾಡಿಸಿ ಅಂತಲೂ ಹೇಳಿದರು. ಬಿಚ್ಚಿದ್ದಾಯ್ತು, ಸ್ಕ್ಯಾನ್ ಮಾಡಿಸಿದ್ದೂ ಆಯ್ತು.

ನಮ್ಮಜ್ಜಿಯದು ಇರುವುದು ಅದೊಂದೇ ಫೋಟೋ. ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪು ಬಿಳುಪಿನದು. ಕುರ್ಚಿಯಲ್ಲಿ ಕೂತು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಯಾರಿಂದಲೋ ಬೈಸಿಕೊಂಡವರ ಹಾಗೆ ನೇರವಾಗಿ ಕ್ಯಾಮೆರಾ ನೋಡುತ್ತಿದ್ದಾರೆ. ಚಿಕ್ಕಂದಿನಿಂದ ನೋಡಿದ ಫೋಟೋ. ಅದನ್ನು ನೋಡಿದ ಕಲಾವಿದೆಯಿಂದ ಬಂದ ಮೊದಲ ಮೆಸೇಜು ಇದು: “ಸರ್, ಅಜ್ಜಿಯವ್ರ ಮಾರಿ ಒಂದ್ ಬಣ್ಣ, ಕೈ ಒಂದ್ ಬಣ್ಣ ಅದಾವಲ್ರೀ. ಯಾವ್ದು ಖರೇ?”

ಹೌದಲ್ವಾ! ಮುಖ ಬೆಳ್ಳಗೆ ನುಣ್ಣಗೆ ಇದೆ, ಕೈಗಳು ಕಪ್ಪು. ಆಗಿನ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆಯೇ ಚೂಪಾದ ಪೆನ್ಸಿಲ್‌ನಿಂದ ತಿದ್ದುತ್ತಿದ್ದರು. ನೆಗೆಟಿವ್‌ನಲ್ಲಿ ಎಲ್ಲಿ ಪೆನ್ಸಿಲ್ ಬೀಳುತ್ತೋ ಅಲ್ಲಿ ಬೆಳಕು ಕಡಿಮೆ ಹಾಯುತ್ತೆ, ಪ್ರಿಂಟ್ ಹಾಕಿದಾಗ ಆ ಜಾಗ ಬೆಳ್ಳಗೆ ಬರುತ್ತೆ. ಕಲೆ, ಸುಕ್ಕು, ಕಣ್ಣಿನ ಕೆಳಗಿನ ಕಪ್ಪು ಎಲ್ಲ ಹೀಗೇ ಅಳಿಸಿ ಹೋಗುತ್ತಿದ್ದವು. ಈ ಉಪಚಾರವೆಲ್ಲ ಮುಖಕ್ಕೆ, ಕೈ ತಿದ್ದುತ್ತಾ ಕೂರಲು ಯಾರಿಗೆ ಪುರುಸೊತ್ತು. ಅಂದರೆ ನಾವು ಇಷ್ಟು ವರ್ಷ ಹೂವು ಮುಡಿಸುತ್ತಿದ್ದದ್ದು ಸ್ಟುಡಿಯೋದವನು ತಿದ್ದಿದ ಅಜ್ಜಿಗೆ.

ಸೋದರತ್ತೆಗೆ ಫೋನ್ ಮಾಡಿದೆ. “ನಮ್ಮಮ್ಮ ಎಲ್ಲಿ ಬೆಳ್ಳಗಿದ್ಲೋ? ನನಗಿಂತ ಕಪ್ಪು. ಗದ್ದದ ಹತ್ರ ಸಿಡುಬಿನ ಕಲೆ ಬೇರೆ ಇತ್ತು” ಅಂದರು. ಚಿಕ್ಕಪ್ಪನದು ಬೇರೆ ರಾಗ. ಗೋಡೆಗೆ ಹಾಕೋ ಚಿತ್ರ, ಬೆಳ್ಳಗೇ ಇರ್ಲಿ ಬಿಡು, ಬಂದವರು ನೋಡ್ತಾರೆ. ಇದನ್ನೂ ಕಲಾವಿದೆಗೆ ತಿಳಿಸಿದೆ. ಕೇಳುವವರಲ್ಲಿ ಜಾಸ್ತಿ ಜನ ಕೇಳುವುದು ಇದನ್ನೇ ಅಂತೆ, ಸ್ವಲ್ಪ ಬೆಳ್ಳಗೆ ಮಾಡಿ, ಸ್ವಲ್ಪ ಸಣ್ಣಗೆ ಮಾಡಿ. ಸುಕ್ಕು ಕಡಿಮೆ ಮಾಡಲು ಒಪ್ಪುತ್ತಾರೆ, ಬಣ್ಣ ಮಾತ್ರ ಬದಲಾಯಿಸುವುದಿಲ್ಲ. ಬೇಡ ಅಂದರೆ ಮುಂಗಡ ವಾಪಸ್ ಕೊಡ್ತೀನಿ ಅಂತ ನೇರವಾಗಿ ಹೇಳಿದರು. ನನಗೆ ಅಲ್ಲೇ ಇಷ್ಟವಾಯ್ತು. ಅತ್ತೆಯನ್ನೇ ಅವರ ಜೊತೆ ಮಾತಾಡಿಸಿದೆ.

ಮೂಗಿನ ಮೇಲೆ ಫೋಟೋದಲ್ಲಿ ಕಾಣುವುದು ಒಂದು ಬಿಳಿ ಚುಕ್ಕೆ ಅಷ್ಟೆ. ಒಂಟಿ ಕಲ್ಲಿನ ಮೂಗುತಿಯೋ, ಏಳು ಕಲ್ಲಿನ ಬೇಸರಿಯೋ ಅಂತ ಕೇಳಿದರು. ಏಳು ಕಲ್ಲಿನದು, ಅತ್ತೆಯ ಹತ್ತಿರವೇ ಇದೆ. ಅದನ್ನು ಡಬ್ಬಿಯಿಂದ ತೆಗೆಸಿ, ಕಿಟಕಿಯ ಬೆಳಕಲ್ಲಿ ಫೋಟೋ ತೆಗೆದು ಕಳಿಸಿದೆವು. ಚಿತ್ರದಲ್ಲಿ ಈಗ ಏಳು ಕಲ್ಲನ್ನೂ ಎಣಿಸಬಹುದು, ನಡುವೆ ಒಂದು, ಸುತ್ತ ಆರು.

ಚಿತ್ರ ಬಂದ ಮೇಲೆ ಹತ್ತಿರದಿಂದ ನೋಡಿದೆ. ಕಪ್ಪು ಬಣ್ಣ ಅಂದರೆ ಇಡೀ ಮುಖಕ್ಕೆ ಪೆನ್ಸಿಲ್ ತಿಕ್ಕಿ ಮಸಿ ಮಾಡಿಬಿಡುವವರೇ ಜಾಸ್ತಿ. ಇವರು ಮಾಮೂಲಿ ಎಚ್‌ಬಿ ಪೆನ್ಸಿಲ್‌ನಿಂದ ಶುರುಮಾಡಿ ಒಂದರ ಮೇಲೊಂದು ಪದರ ಹಾಕುತ್ತ ಇನ್ನೂ ಮೆತ್ತಗಿನ, ಇನ್ನೂ ಕಪ್ಪಾದ 4ಬಿ, 6ಬಿ ಪೆನ್ಸಿಲ್‌ವರೆಗೆ ಹೋಗಿದ್ದಾರೆ. ಹಣೆ, ಕೆನ್ನೆಯ ಮೂಳೆ, ಮೂಗಿನ ತುದಿ, ಈ ಜಾಗಗಳಲ್ಲಿ ಹಿಟ್ಟಿನ ಥರ ನಾದಬಹುದಾದ ಮೆತ್ತನೆಯ ರಬ್ಬರನ್ನು ಒತ್ತಿ ಒತ್ತಿ ಬೆಳಕು ತೆಗೆದಿದ್ದಾರೆ. ಕಪ್ಪು ಮೈಯ ಹೊಳಪು ಇರುತ್ತಲ್ಲ, ಅದು ಬಂದಿದೆ. ಗದ್ದದ ಹತ್ತಿರ ಎರಡು ಮೂರು ಸಣ್ಣ ಗುಳಿ. ತಲೆಗೂದಲು, ರವಿಕೆಗೆ ಇದ್ದಿಲ ಪೆನ್ಸಿಲ್ ಬಳಸಿದ್ದಾರೆ. ಯಾಕೆ ಅಂದರೆ ಮಾಮೂಲಿ ಪೆನ್ಸಿಲ್ ಎಷ್ಟು ತಿಕ್ಕಿದರೂ ಕಪ್ಪಾಗುವ ಬದಲು ಬೆಳಕಿಗೆ ಮಿರಮಿರ ಅನ್ನುತ್ತೆ, ಇದ್ದಿಲಿಗೆ ಆ ಕಾಟ ಇಲ್ಲ. ಆದರೆ ಇದ್ದಿಲು ಮುಟ್ಟಿದರೆ ಹರಡುತ್ತೆ, ಅದಕ್ಕೆ ಮೇಲೆ ಪುಡಿ ಉದುರದ ಹಾಗೆ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ ಹೊಡೆದಿದ್ದಾರೆ.

ತಪ್ಪು ಇಲ್ಲವೇ ಇಲ್ಲ ಅಂತೇನಿಲ್ಲ. ಸೀರೆಯ ಅಂಚು ಫೋಟೋದಲ್ಲಿ ಮಸುಕಾಗಿತ್ತು, ಇವರು ಕೇಳದೆ ತಮ್ಮ ಕಡೆಯ ಇಳಕಲ್ ಅಂಚು ಬರೆದುಬಿಟ್ಟಿದ್ದರು. ನಮ್ಮಜ್ಜಿ ಶಿವಮೊಗ್ಗದವರು, ಜನ್ಮದಲ್ಲಿ ಇಳಕಲ್ ಉಟ್ಟವರಲ್ಲ. ನಡುವೆ ಕಳಿಸಿದ ಫೋಟೋ ನೋಡಿ ಹೇಳಿದೆ, ಅಳಿಸಿ ಸಾದಾ ಅಂಚು ಮಾಡಿದರು. ಓರೆಯಾಗಿ ಹಿಡಿದರೆ ಹಳೆಯ ಗೆರೆಯ ಗುರುತು ಇನ್ನೂ ಕಾಣುತ್ತೆ. ಹೇಳಿದ ದಿನಕ್ಕಿಂತ ತಡವೂ ಆಯ್ತು, ಮತ್ತು ತಡವಾಗುತ್ತೆ ಅಂತ ನಾನು ಕೇಳಿದ ಮೇಲೇ ಹೇಳಿದ್ದು.

ಹೀಗೆ ನಡುನಡುವೆ ಚಿತ್ರದ ಫೋಟೋ ಕಳಿಸುವವರ ಹತ್ತಿರವೇ ಕೆಲಸ ಕೊಡಿ. ಫೋಟೋಗೆ ಆ್ಯಪ್‌ನಲ್ಲಿ ಫಿಲ್ಟರ್ ಹಾಕಿದ್ದನ್ನು ದಪ್ಪ ಕಾಗದದ ಮೇಲೆ ಪ್ರಿಂಟ್ ಹೊಡೆದು ಕೈಯಲ್ಲಿ ಬಿಡಿಸಿದ್ದು ಅಂತ ಮಾರುವವರೂ ಇದ್ದಾರೆ. ಅನುಮಾನ ಬಂದರೆ ಚಿತ್ರವನ್ನು ದೀಪಕ್ಕೆ ಓರೆ ಹಿಡಿಯಿರಿ. ಪೆನ್ಸಿಲ್ ಗಾಢವಾಗಿರುವ ಕಡೆ ಮಾತ್ರ ಹೊಳೆಯಬೇಕು, ಖಾಲಿ ಕಾಗದ ಹೊಳೆಯಬಾರದು.

ಪಾರ್ಸೆಲ್ ಕಟ್ಟಿದ ರೀತಿಗೆ ಪೂರ್ತಿ ಅಂಕ. ಸುತ್ತಿ ಕೊಳವೆಯಲ್ಲಿ ತುರುಕಿರಲಿಲ್ಲ. ಚಿತ್ರದ ಮೇಲೆ ಬಟರ್ ಪೇಪರ್, ಎರಡೂ ಕಡೆ ಗಟ್ಟಿ ರಟ್ಟು, ಮೇಲೆ ಪ್ಲಾಸ್ಟಿಕ್. ಮಳೆಗಾಲದಲ್ಲೂ ಮೂಲೆ ಮುದುಡದೆ ಬಂತು. ಫ್ರೇಮ್ ಮಾತ್ರ ನಾವೇ ಹಾಕಿಸಬೇಕು. ನಮ್ಮೂರಿನ ಫ್ರೇಮ್ ಅಂಗಡಿಯವರು ಗಾಜನ್ನು ನೇರ ಚಿತ್ರಕ್ಕೇ ಒತ್ತಿ ಕೂರಿಸಲು ಹೊರಟಿದ್ದರು, ಏನಾಗಲ್ಲ ಸಾರ್ ಅಂತ ವಾದ ಬೇರೆ. ಮಲೆನಾಡಿನ ತೇವಕ್ಕೆ ಗಾಜಿಗಂಟಿದ ಕಾಗದ ಬೂಸ್ಟು ಹಿಡಿಯುತ್ತೆ. ಸುತ್ತ ಮೌಂಟ್ ಬೋರ್ಡ್ ಅನ್ನುವ ದಪ್ಪ ರಟ್ಟಿನ ಚೌಕಟ್ಟು ಹಾಕಿ, ಗಾಜಿಗೂ ಚಿತ್ರಕ್ಕೂ ನಡುವೆ ಸಂದು ಬಿಡಿ ಅಂತ ನಿಂತು ಹಾಕಿಸಿದೆ.

ಫೋಟೋ ಪ್ರಿಂಟ್ ಬಗ್ಗೆ ಹೇಳುವುದು ಕಡಿಮೆ. ಬಾದಾಮಿಯ ಅಗಸ್ತ್ಯ ತೀರ್ಥ, ಆಚೆ ದಡದಲ್ಲಿ ಭೂತನಾಥ ಗುಡಿ, ಸಂಜೆ ಬೆಳಕು. ಮೊಬೈಲ್‌ನಲ್ಲಿ ನೋಡಿ ಮನಸೋತು 1,200 ಕೊಟ್ಟೆ. ಬಂದ ಪ್ರಿಂಟಿನಲ್ಲಿ ಹಿಂದಿನ ಬಂಡೆಗಳೆಲ್ಲ ಒಂದೇ ಕಪ್ಪು ಮುದ್ದೆ. ಮೊಬೈಲ್ ಪರದೆ ಹಿಂದಿನಿಂದ ಬೆಳಕು ಕೊಡುತ್ತೆ, ಕಾಗದ ಕೊಡಲ್ಲ, ಹಾಗಾಗಿ ಪ್ರಿಂಟಿಗೆ ಹಾಕುವ ಮುಂಚೆ ಫೋಟೋವನ್ನು ಬೇಕಂತಲೇ ತಿಳಿ ಮಾಡಬೇಕಾಗುತ್ತೆ. ಒಂದು ಸಣ್ಣ ತುಂಡು ಪ್ರಿಂಟ್ ಹಾಕಿ ನೋಡಿದ್ದರೂ ಗೊತ್ತಾಗುತ್ತಿತ್ತು. ದೂರು ಹೇಳಿದಾಗ ಇನ್ನೊಂದು ಪ್ರಿಂಟ್ ಕಳಿಸಿದರು, ದುಡ್ಡು ಕೇಳಲಿಲ್ಲ. ಎರಡನೆಯದು ಪರವಾಗಿಲ್ಲ, ಬಂಡೆಯ ಕೆಂಪು ಕಾಣುತ್ತೆ.

ಇಷ್ಟೆಲ್ಲ ಯಾಕೆ ಮಾಡಬೇಕು, ಒಂದನ್ನೇ ನೆಟ್ಟಗೆ ಮಾಡಬಾರದಾ ಅಂತ ಕೇಳುವವರಿಗೆ ಮೈಸೂರಿನ ಕೆ. ವೆಂಕಟಪ್ಪನವರ ನೆನಪು ಮಾಡಬೇಕು. ಅಷ್ಟು ದೊಡ್ಡ ಚಿತ್ರಕಾರ, ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತವರು. ಅವರ ಹೆಸರಿನ ಗ್ಯಾಲರಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿದೆ, ನೋಡಿರದಿದ್ದರೆ ಹೋಗಿ ಬನ್ನಿ.

ಹಾಡುಗಳಿರುವುದು ಬ್ಯಾಂಡ್‌ಕ್ಯಾಂಪ್‌ನಲ್ಲಿ, ಅಂದರೆ ಹಾಡುವವರು ತಮ್ಮ ಹಾಡುಗಳನ್ನು ತಾವೇ ಮಾರುವ ವೆಬ್‌ಸೈಟ್‌ನಲ್ಲಿ. ತಂಬೂರಿ, ಹಾರ್ಮೋನಿಯಂ ಇಟ್ಟುಕೊಂಡು ಮನೆಯಲ್ಲೇ ರೆಕಾರ್ಡ್ ಮಾಡಿದ ತತ್ವಪದಗಳು. ಒಂದು ಹಾಡಿನ ನಡುವೆ ತಗಡಿನ ಮೇಲೆ ಮಳೆ ಬೀಳುವ ಸದ್ದು ಬಂದಿದೆ, ತೆಗೆದಿಲ್ಲ, ನನಗೆ ಅದೇ ಹಾಡು ಜಾಸ್ತಿ ಇಷ್ಟ. ದನಿ ಕೆಳಗಿನ ಸ್ವರದಲ್ಲಿ ಗಟ್ಟಿ, ಮೇಲೆ ಹೋದಾಗ ಸ್ವಲ್ಪ ಎಳೆದ ಹಾಗೆ ಕೇಳುತ್ತೆ. ಬ್ಯಾಂಡ್‌ಕ್ಯಾಂಪ್ 2008ರಿಂದ ಇದೆ. ಡಿಜಿಟಲ್ ಮಾರಾಟದಲ್ಲಿ ಶೇ. 15 ತಾನಿಟ್ಟುಕೊಂಡು, ಪಾವತಿಯ ಖರ್ಚು ಕಳೆದು ಮಿಕ್ಕಿದ್ದು ಹಾಡಿದವರಿಗೆ ಕೊಡುತ್ತೆ. 2020ರ ಮಾರ್ಚ್‌ನಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಫ್ರೈಡೇ ದಿನಗಳಲ್ಲಿ ಆ ಪಾಲನ್ನೂ ಬಿಡುತ್ತೆ. ಹಾಡನ್ನು ಫ್ಲ್ಯಾಕ್, ಅಂದರೆ ಧ್ವನಿಯ ಗುಣಮಟ್ಟ ಕುಗ್ಗದ ಫೈಲಾಗಿ ಇಳಿಸಿ ಇಟ್ಟುಕೊಳ್ಳಬಹುದು. ಆದರೆ ಇವರು ಅಲ್ಲಿ ದುಡ್ಡು ಪಡೆಯುವುದು ಪೇಪಾಲ್ ಅನ್ನುವ ಆನ್‌ಲೈನ್ ಪಾವತಿ ಸೇವೆಯ ಮೂಲಕ, ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ. ಅಮೆರಿಕದಲ್ಲಿರುವ ಕನ್ನಡಿಗರು ಆರಾಮಾಗಿ ಕೊಳ್ಳುತ್ತಾರೆ, ಶಿವಮೊಗ್ಗದಲ್ಲಿ ಕೂತ ನಾನು ಧಾರವಾಡದವರಿಗೆ ಅದರಲ್ಲಿ ದುಡ್ಡು ಕೊಡಲಾಗದು! ಕೊನೆಗೆ ಯುಪಿಐನಲ್ಲಿ ಹಾಕಿದೆ, ಅವರು ಫೈಲಿನ ಲಿಂಕ್ ಕಳಿಸಿದರು.

ಪೋರ್ಟ್ರೇಟ್ ಬೇಕಾದವರು ನನಗೆ ಮೆಸೇಜ್ ಮಾಡಿ, ಪ್ರೊಫೈಲ್ ಲಿಂಕ್ ಕೊಡುತ್ತೇನೆ. ತಿಥಿಗೋ ಗೃಹಪ್ರವೇಶಕ್ಕೋ ಬೇಕಿದ್ದರೆ ತುಂಬಾ ಮೊದಲೇ ಹೇಳಿ. ಸೀರೆಯ ಅಂಚು ಯಾವುದು ಅಂತಲೂ ಹೇಳಿ.