ಹಳೇ ಕ್ಯಾಸೆಟ್ ಇದ್ರ ಖಡೇಬಜಾರದ ಈ ಕಾಕಾನ ಕಡೆ ಒಯ್ರಿ

ಬೆಳಗಾವ್ಯಾಗ ಕ್ಯಾಸೆಟ್ ಪೆನ್‌ಡ್ರೈವಿಗೆ ಹಾಕಿ ಕೊಡೋರು ಇನ್ನೂ ಅದಾರ್ರೀ. ಖಡೇಬಜಾರ ಬಾಜೂ ಗಲ್ಲ್ಯಾಗ ಸಣ್ಣ ರೇಡಿಯೋ ರಿಪೇರಿ ಅಂಗಡಿ, ಬೋರ್ಡ್ ಇಲ್ಲ, ಮುಂದ ಎರಡು ಹಳೇ ಸ್ಪೀಕರ್ ಇಟ್ಟಿರ್ತಾರ, ಅದ ಗುರ್ತು.

ನಂದು ಒಂದ ಕ್ಯಾಸೆಟ್. 70ರ ದಶಕದಾಗ ನಮ್ಮಪ್ಪ ಬುಧವಾರ ರಾತ್ರಿ 8ಕ್ಕ ರೇಡಿಯೋ ಸಿಲೋನ್ ಹಚ್ಚಿ, ಎದುರಿಗೆ ರೆಕಾರ್ಡರ್ ಇಟ್ಟು ಬಿನಾಕಾ ಗೀತಮಾಲಾ, ಅಂದ್ರ ಹಿಂದಿ ಪಿಚ್ಚರ್ ಹಾಡಿಗೆ ನಂಬರ್ ಕೊಟ್ಟು ಹಚ್ಚೋ ಕಾರ್ಯಕ್ರಮ, ತುಂಬಿದ್ದು. ಅದರಾಗ ಒಂದು ಹಾಡು, ಕಾರ್ಯಕ್ರಮ ನಡಸ್ತಿದ್ದ ಅಮೀನ್ ಸಯಾನಿಯವರು ಒಂಬತ್ತನೇ ಪಾಯದಾನ್, ಅಂದ್ರ ಒಂಬತ್ತನೇ ನಂಬರ್, ಅಂತಾರ, ಪಿಚ್ಚರ್ ಹೆಸರು ಬರೂದ್ರಾಗ ಸ್ಟೇಷನ್ ಗರ್ ಅಂತ ಹೋಗಿಬಿಡ್ತೈತಿ, ತಿರಗಿ ಬರೂದ್ರಾಗ ಹಾಡು ಚಾಲೂ. ಯಾರ್ನ ಕೇಳಿದ್ರೂ ಗೊತ್ತಿಲ್ಲ, ಹಾಡು ಗುರ್ತ ಹಿಡಿಯೋ ಶಜಾಮ್ ಆ್ಯಪ್‌ಗೂ ಸಿಗಲಿಲ್ಲ. ಮೊದ್ಲು ಬ್ಯಾರೆ ಕಡೆ ಕೊಟ್ಟಿದ್ದೆ, ಟೇಪ್ ಹೋಗೇತಿ ಅಂತ ವಾಪಸ್ ಕೊಟ್ರು.

ಕಾಕಾ ಐದು ಸ್ಕ್ರೂ ಬಿಚ್ಚಿ ನೋಡಿದ್ರು. ಟೇಪಿಗೇನೂ ಆಗಿಲ್ಲೋ, ಒಳಗಿನ ಸ್ಪಂಜಿನ ತುಣುಕು ಉದುರೇತಿ ಅಂದ್ರು, ಹಾಳಾದ ಭಜನಿ ಕ್ಯಾಸೆಟ್ಟಿಂದ ಒಂದು ತಗದು ಕೂಡ್ಸಿದ್ರು, ಹೆಡ್ಡಿಗೆ ಸ್ಪಿರಿಟ್ ಹಚ್ಚಿ ಒರಸಿದ್ರು. ದನಿ ಬಿಚ್ಚಿ ಬಂತು, ಆದ್ರ ಹಾಡು ಓಡಾಕತ್ತಿತ್ತು. ತುಂಬೋ ಹೊತ್ನ್ಯಾಗ ಸೆಲ್ ಇಳದಿದ್ವು, ರೆಕಾರ್ಡರ್ ನಿಧಾನ ತಿರಗೇತಿ, ಈಗ ಸರಿ ಸ್ಪೀಡಿಗೆ ಹಚ್ಚಿದ್ರ ಓಡತೈತಿ, ಸುರ ಏರಿದ್ರ ನಿನ್ನ ಆ್ಯಪ್ ಹೆಂಗ ಗುರ್ತ ಹಿಡೀಬೇಕು ಅಂದ್ರು. ಆಮ್ಯಾಲ ಸ್ಪೀಡ್ ಇಳಸ್ಕೋತ ಹೋದ್ರು, ಯಾವದ್ರ ಮ್ಯಾಲ ಅಂದ್ರ ಸಯಾನಿಯವರ ದನಿ ಮ್ಯಾಲ! ಅವರ ದನಿ ಅವರದ ಆದ ಕೂಡ್ಲೆ ಕೈ ಬಿಟ್ರು.

ಆದ್ರೂ ಆ್ಯಪ್‌ನಾಗ ಸಿಗಲಿಲ್ಲ. ಅದರ ಕಡೆ ಇದ್ದ ಹಾಡಿಗೆ ಅಷ್ಟ ಅದು ಹೊಂದಸ್ತೈತಿ, ಆ ರೆಕಾರ್ಡ್ ಯಾರೂ ಏರ್ಸಿಲ್ಲ ಅಂದ್ರ ಎಲ್ಲಿಂದ ತರ್ತದ? ಯಾರಿಗೂ ಗೊತ್ತಿಲ್ಲದ ಹಾಡು ಒಂಬತ್ತಕ್ಕ ಹೆಂಗ ಬಂತು ಕಾಕಾ ಅಂತ ಕೇಳಿದೆ. ಪಿಚ್ಚರ್ ಓಡಿದ್ದು ಅಲ್ಲಿ ಲೆಕ್ಕಿಲ್ಲೋ, ಅಂಗಡ್ಯಾಗ ರೆಕಾರ್ಡ್ ಎಷ್ಟು ಹೋದ್ವು, ರೇಡಿಯೋ ಕೇಳೋರ ಶ್ರೋತಾ ಸಂಘದವ್ರು ಏನು ಬರದ್ರು ಅದರ ಮ್ಯಾಲ ನಂಬರ್, ಪಿಚ್ಚರ್ ಬಿದ್ರೂ ಹಾಡು ಏರಬಹುದು ಅಂದ್ರು. ನಂಗ ಇದು ಖರೇ ಅನಸ್ತು.

ಒಂದು ಕ್ಯಾಸೆಟ್ಟಿಗೆ 150 ರೂಪಾಯಿ. ಎಂಟು ದಿನ ಹಿಡೀತು, ಗಡಿಬಿಡಿ ಇದ್ದೋರು ಹೋಗಬ್ಯಾಡ್ರಿ. ಗಾಡಿ ಹಚ್ಚಾಕ ಜಾಗಿಲ್ಲ. ಆದ್ರ ಆ ಹಾಡಿನ ಹಿಂದ ಅವ್ವ ಸ್ಟವ್ ಪಂಪ್ ಹೊಡ್ಯೋ ಸಪ್ಳ ಐತಿ, ಅದನ್ನ ನಾ ಇದ ಮೊದಲ ಸಲ ಕೇಳಿದ್ದು.

ಒಂದು ಕಾಪಿ ಕಾಕಾನ ಕಂಪ್ಯೂಟರ್‌ನಾಗ ಇಟ್ಟೀನಿ. ಗೀತಮಾಲಾ ಕೇಳಿದ ಹಿರ್ಯಾರು ಆ ಕಡೆ ಹೋದ್ರ ಒಂಬತ್ತನೇ ನಂಬರ್ ಹಾಡು ಹಚ್ರಿ ಅನ್ರಿ, ಪಿಚ್ಚರ್ ಹೆಸರು ಗೊತ್ತಾದ್ರ ಅಲ್ಲೇ ಹೇಳ್ರಿ.